ಹದಿನೈದು ಅಂಕಿಯ ಸ್ಪ್ರೆಡ್‌ಶೀಟಿನಲ್ಲಿ ಇಪ್ಪತ್ತೊಂದು ಅಂಕಿಯ ಸಂಖ್ಯೆ ಒಡೆದದ್ದು

2⁶⁷−1, ಅಂದರೆ 147573952589676412927. ಒಂದೂ ಮ್ಯಾಕ್ರೋ (ಶೀಟಿನೊಳಗೆ ಬರೆಯುವ ಪುಟ್ಟ ಪ್ರೋಗ್ರಾಂ) ಬರೆಯದೆ ಬರೀ ಸ್ಪ್ರೆಡ್‌ಶೀಟಿನಲ್ಲಿ ಇದನ್ನು ಅಪವರ್ತನಗಳಾಗಿ ಒಡೆಯುತ್ತೇನೆ ಅಂದಾಗ ಬಳಗದವರು ನಕ್ಕರು. "ಹದಿನೈದು ಅಂಕಿ ದಾಟಿದರೆ ಅದು ಸೊನ್ನೆ ತುಂಬುತ್ತೆ ಕಣೋ" ಅಂದರು. ದುಡ್ಡು ಕೊಟ್ಟು ಗಣಿತದ ಸಾಫ್ಟ್‌ವೇರ್ ತಗೋ ಅಂತ ಒಬ್ಬರು, ಗಂಟೆ ಲೆಕ್ಕದಲ್ಲಿ ಸರ್ವರ್ ಬಾಡಿಗೆಗೆ ಹಿಡಿ ಅಂತ ಇನ್ನೊಬ್ಬರು. ನನಗೆ ಖರ್ಚಾಗಿದ್ದು ಕರೆಂಟು ಮಾತ್ರ.

ಮೊದಲು ನೇರ ಭಾಗಾಕಾರ. ಇದರ ಅಪವರ್ತನ ಯಾವುದೇ ಇರಲಿ, 134ರ (67ರ ಎರಡರಷ್ಟು) ಮಗ್ಗಿಗೆ ಒಂದು ಕೂಡಿಸಿದ ಸಂಖ್ಯೆಯೇ ಆಗಿರಬೇಕು, ಹಾಗಾಗಿ ಅವನ್ನಷ್ಟೇ ನೋಡಿದರೆ ಸಾಕು, 8ರ ಶೇಷ ನೋಡಿದರೆ ಅದರಲ್ಲೂ ಅರ್ಧ ಉದುರುತ್ತವೆ. ಆದರೆ ಭಾಜಕ ಮೂರು ಕೋಟಿ ಚಿಲ್ಲರೆ ದಾಟುತ್ತಿದ್ದಂತೆ ಅದರ ವರ್ಗವೇ ಹದಿನೈದು ಅಂಕಿ ಮೀರುತ್ತದೆ. ಬೇಕಾದ ಅಪವರ್ತನ ಇರುವುದು ಹತ್ತೊಂಬತ್ತು ಕೋಟಿಯ ಆಚೆ. ಆ ಶೀಟು ಡಿಲೀಟ್.

ಆಮೇಲೆ ಗಣಿತಜ್ಞ ಪೊಲಾರ್ಡರ ಪಿ−1 ವಿಧಾನ: ಒಂದು ಆಧಾರ ಸಂಖ್ಯೆಯನ್ನು ಸಣ್ಣ ಅವಿಭಾಜ್ಯಗಳನ್ನೆಲ್ಲ ಗುಣಿಸಿದ ದೊಡ್ಡ ಘಾತಕ್ಕೆ ಏರಿಸಿ, ಬಂದ ಶೇಷದಿಂದ ಒಂದು ಕಳೆದು, ಮೂಲ ಸಂಖ್ಯೆಯ ಜೊತೆ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ತೆಗೆಯೋದು. ಯಾವ ಅಪವರ್ತನದಿಂದ ಒಂದು ಕಳೆದರೆ ಅದು ಬರೀ ಸಣ್ಣ ಅವಿಭಾಜ್ಯಗಳಾಗಿ ಒಡೆಯುತ್ತದೋ ಅದು ಬಲೆಗೆ ಬೀಳುತ್ತೆ. ಸಂಖ್ಯೆಯನ್ನು ಮೂರು ಸೆಲ್‌ಗಳಿಗೆ ಹಂಚಿದೆ, ತಲಾ 23 ಬಿಟ್ (ದ್ವಿಮಾನ ಅಂಕಿ). ಒಟ್ಟು 69 ಬಿಟ್ ಆಯಿತು. 2⁶⁹ನ್ನು ನಮ್ಮ ಸಂಖ್ಯೆಯಿಂದ ಭಾಗಿಸಿದರೆ ಶೇಷ ಬರೀ 4. ಹಾಗಾಗಿ ಮೇಲೆ ಉಕ್ಕಿದ್ದನ್ನು ನಾಲ್ಕರಿಂದ ಗುಣಿಸಿ ಕೆಳಗೆ ಸೇರಿಸಿದರೆ ಆಯಿತು, ಭಾಗಾಕಾರದ ಗೋಜೇ ಇಲ್ಲ. ಒಂದು ಸೆಲ್‌ನಲ್ಲಿ ಬರಬಹುದಾದ ಅತಿ ದೊಡ್ಡ ಮೊತ್ತ 9×2⁴⁶, ಸುಮಾರು 6.3×10¹⁴. ಸರಿಯಾಗಿ ಹದಿನೈದು ಅಂಕಿ! ನಕ್ಕವರಿಗೆ ಮೊದಲು ತೋರಿಸಿದ್ದು ಇದನ್ನೇ.

ಆಧಾರ 2 ಇಟ್ಟರೆ ಕೆಲಸ ಕೆಡುತ್ತೆ. ಘಾತದಲ್ಲಿ 67 ಸೇರಿದ ತಕ್ಷಣ ಶೇಷ 1 ಆಗಿ, ಮ.ಸಾ.ಅ. ಅಂತ ಇಡೀ ಸಂಖ್ಯೆಯೇ ವಾಪಸ್ ಬರುತ್ತೆ. 3 ಇಡಿ. ಘಾತಕ್ಕೆ ಸೇರಿಸುವ ಅವಿಭಾಜ್ಯಗಳ ಮಿತಿಯನ್ನು ಒಂದೇ ಏಟಿಗೆ 10,000ಕ್ಕೆ ಏರಿಸಿದರೂ ಅದೇ ಗತಿ, ಯಾಕೆಂದರೆ ಎರಡೂ ಅಪವರ್ತನಗಳು ಒಟ್ಟಿಗೇ ಬಲೆಗೆ ಬೀಳುತ್ತವೆ. ನಾನು ಎರಡು ಹಂತ ಮಾಡಿದೆ: ಮೊದಲು 70ರ ತನಕದ ಅವಿಭಾಜ್ಯಗಳ ಘಾತಗಳು, ನೂರರ ಆಸುಪಾಸು ಸಾಲು, ಆಮೇಲೆ 2,700ರ ತನಕದ ಅವಿಭಾಜ್ಯಗಳು, ಮುನ್ನೂರ ಎಪ್ಪತ್ತು ಚಿಲ್ಲರೆ.

ಸ್ಪ್ರೆಡ್‌ಶೀಟಿನ ಮ.ಸಾ.ಅ. ಫಂಕ್ಷನ್ ಇಷ್ಟು ದೊಡ್ಡದಕ್ಕೆ ಕೈ ಎತ್ತುತ್ತದೆ. ಅರ್ಧ ಮಾಡು, ಕಳೆ, ಮತ್ತೆ ಅರ್ಧ ಮಾಡು ಅನ್ನುವ ಹಳೇ ದಾರಿಯಲ್ಲೇ ಹೋದೆ. ಮೂರು ಸೆಲ್‌ಗಳ ನಡುವೆ ದಶಕ ತಗೊಳ್ಳೋದನ್ನು ಒಂದೇ ಸೂತ್ರದಲ್ಲಿ ಹೇಗೆ ಕೂರಿಸಿದೆ ಅಂತ ಮಾತ್ರ ಹೇಳಲ್ಲ, ತಲೆ ಓಡಿಸಿ.

ಕೊನೆಗೆ ಸಿಕ್ಕಿದ್ದು 193707721. ಒಂದು ಕಳೆದರೆ 2³×3³×5×67×2677, ಈ ವಿಧಾನಕ್ಕೆ ಹೇಳಿ ಮಾಡಿಸಿದ ಹಾಗಿದೆ. ಜೊತೆಗಾರ 761838257287. ಅದರಿಂದ ಒಂದು ಕಳೆದರೆ 2551, 8539 ಎರಡೂ ಒಳಗಿವೆ, ಅದಕ್ಕೇ ಅದು ನನ್ನ ಬಲೆಯಿಂದ ತಪ್ಪಿಸಿಕೊಂಡಿತು. ಅಮೆರಿಕದ ಗಣಿತಜ್ಞ ಫ್ರಾಂಕ್ ಕೋಲ್ 1903ರಲ್ಲಿ ಇದೇ ಎರಡನ್ನು ಕಪ್ಪುಹಲಗೆಯ ಮೇಲೆ ಗುಣಿಸಿ ತೋರಿಸಿದ್ದರು. ಅವರಿಗೆ ಮೂರು ವರ್ಷದ ಭಾನುವಾರಗಳು ಹಿಡಿದವು ಅನ್ನುತ್ತಾರೆ. ನನ್ನ ಶೀಟು ತಯಾರಾದ ಮೇಲೆ ಉತ್ತರಕ್ಕೆ ಒಂದು ಎಂಟರ್ ಸಾಕಾಯಿತು.

ಅದೇ ಹುರುಪಿನಲ್ಲಿ 2⁷¹−1ನ್ನೂ ತುಂಬಿದೆ, 24 ಬಿಟ್‌ನ ಸೆಲ್, ಮೊದಲ ಹಂತಕ್ಕೆ 71 ಸೇರಿಸಿ. 228479 ಸಲೀಸಾಗಿ ಉದುರಿತು: ಒಂದು ಕಳೆದರೆ 2×71×1609. ಉಳಿದ ತುಂಡು ಇನ್ನೂ ಸಂಯುಕ್ತವೇ, ಆದರೆ 2,700ಕ್ಕೆ ಬಗ್ಗಲ್ಲ. ಸಾಲುಗಳನ್ನು 7,400ರ ತನಕ ಎಳೆಯಬೇಕು.