ಅಲಾಸ್ಕಾದಲ್ಲಿ ಮೂಸ್ ಶಿಕಾರಿ: ಮೊದಲು ಮಾಂಸದ ಲೆಕ್ಕ

ಅಮೆರಿಕದ ಅಲಾಸ್ಕಾ ರಾಜ್ಯದ ಆಂಕರೇಜ್‌ನಲ್ಲಿ ನೆಲೆಸಿದ ಮೇಲೆ ನನಗೆ ಸೆಪ್ಟೆಂಬರ್ ಅಂದರೆ ಮೂಸ್ ಶಿಕಾರಿ. ಮೂಸ್ ಅಂದರೆ ಜಿಂಕೆ ಕುಲದಲ್ಲೇ ಅತಿ ದೊಡ್ಡ ಪ್ರಾಣಿ. ನಮ್ಮದು ಸೋಮವಾರಪೇಟೆ ಕಡೆ. ಮನೆಯಲ್ಲಿ ಕೋವಿ ಇತ್ತು, ಆದರೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನೋದು ಅಜ್ಜ ಹೇಳುವ ಕಥೆಯಾಗಿ ಮಾತ್ರ ಉಳಿದಿತ್ತು. ಇಲ್ಲಿ ರಾಜ್ಯ ಸರ್ಕಾರವೇ ಪ್ರಾಣಿಗಳ ಸಂಖ್ಯೆ ನೋಡಿಕೊಂಡು ಸೀಸನ್ ಗೊತ್ತುಮಾಡಿ ಬೇಟೆಗೆ ಬಿಡುತ್ತದೆ. ಒಂದು ಗಂಡು ಮೂಸ್ ಸಿಕ್ಕರೆ ಎರಡು ಮನೆಗೆ ಚಳಿಗಾಲದ ಮಾಂಸ ಆಯಿತು. ಆದರೆ ಒಳ್ಳೆಯ ಜಾಗಗಳಿಗೆ ರಸ್ತೆಯೇ ಇಲ್ಲ. ಚಿಕ್ಕ ವಿಮಾನ ನಮ್ಮನ್ನು ಒಂದು ಸರೋವರದಲ್ಲಿ ಇಳಿಸಿ ಹೋಗುತ್ತದೆ. ವಾರ, ಹತ್ತು ದಿನ ಬಿಟ್ಟು ಕರೆದುಕೊಂಡು ಹೋಗಲು ಬರುತ್ತದೆ.

ಇಂಥ ಟ್ರಿಪ್ ಹೇಗೆ ಪ್ಲಾನ್ ಮಾಡ್ತೀರಿ ಅಂತ ಕೇಳುವವರಿಗೆ ನಾನು ಹೇಳೋದು ಇಷ್ಟೇ: ಕೊನೆಯಿಂದ ಶುರು ಮಾಡಿ. ಯಾವ ಕೋವಿ, ಯಾವ ಟೆಂಟ್ ಅನ್ನೋದೆಲ್ಲ ಆಮೇಲೆ. ಹೊಡೆದ ಪ್ರಾಣಿಯ ಮಾಂಸ ಕೆಡದೆ ಕಾಡಿನಿಂದ ಹೊರಗೆ ಹೇಗೆ ಬರುತ್ತದೆ? ಇದಕ್ಕೆ ಉತ್ತರ ಸಿಗುವವರೆಗೆ ನಾನು ಯಾರಿಗೂ ಮುಂಗಡ ಕೊಡುವುದಿಲ್ಲ.

ಲೆಕ್ಕ ನೋಡಿ. ದೊಡ್ಡ ಗಂಡು ಮೂಸ್ 540ರಿಂದ 725 ಕಿಲೋ ತೂಗುತ್ತದೆ. ತಿನ್ನುವ ಮಾಂಸವೇ ಸುಮಾರು 225 ಕಿಲೋ. ಮೂಳೆ ಸಮೇತ ಒಂದು ಹಿಂದೊಡೆಯೇ 50 ಕಿಲೋ ದಾಟುತ್ತದೆ. ಇತ್ತ ಇಲ್ಲಿನವರ ನೆಚ್ಚಿನ ವಿಮಾನ ಡಿ ಹ್ಯಾವಿಲೆಂಡ್ ಬೀವರ್. 1947ರಲ್ಲಿ ಮೊದಲು ಹಾರಿದ ಮಾದರಿ ಅದು, ಇವತ್ತಿಗೂ ದುಡಿಯುತ್ತಿದೆ. ನೀರಿನ ಮೇಲೆ ಇಳಿಯಲು ಚಕ್ರದ ಬದಲು ಫ್ಲೋಟ್ (ತೇಲುವ ಟೊಳ್ಳು ಕಾಲು) ಹಾಕಿದ ಬೀವರ್ ಜನ, ಸಾಮಾನು ಎಲ್ಲ ಸೇರಿ ಹೆಚ್ಚುಕಡಿಮೆ ಅರ್ಧ ಟನ್ ಹೊರುತ್ತದೆ. ಇಬ್ಬರು ಹೋಗುವಾಗ ಒಂದೇ ಸಲಕ್ಕೆ ಹೋಗಬಹುದು. ಮೂಸ್ ಸಿಕ್ಕರೆ ವಾಪಸ್ ಬರಲು ಎರಡು ಸಲ ಹಾರಬೇಕು. ಆ ಎರಡನೇ ಹಾರಾಟದ ದುಡ್ಡು, ಸಮಯ ಎರಡನ್ನೂ ಮೊದಲೇ ಮಾತಾಡಿಕೊಳ್ಳಬೇಕು. ಸರೋವರ ಗಿಡ್ಡವಾಗಿದ್ದು ಗಾಳಿಯೂ ಇಲ್ಲದಿದ್ದರೆ ವಿಮಾನ ಮೇಲೇಳುವುದು ಕಷ್ಟ, ಆಗ ಪೈಲಟ್ ಇನ್ನೂ ಕಡಿಮೆ ತೂಕ ಹಾಕುತ್ತಾರೆ. ಅಲ್ಲಿ ಅವರು ಹೇಳಿದ್ದೇ ಕೊನೆ ಮಾತು, ನಾವು ವಾದ ಮಾಡಬಾರದು.

ನಾನು ನಂಬಿರುವ ಪೈಲಟ್ ನಕ್ಷೆ ತೆಗೆದ ಕೂಡಲೇ ಕೇಳಿದ್ದು, "ಸರೋವರದಿಂದ ಎಷ್ಟು ದೂರದವರೆಗೆ ಹೊರಲು ನಿಮ್ಮ ಕೈಲಾಗುತ್ತೆ?" ಅಂತ. ಎಷ್ಟು ದೊಡ್ಡ ಕೊಂಬು ಬೇಕು ಅಂತಲ್ಲ. ಆವತ್ತೇ ಅವರ ಮೇಲೆ ನನಗೆ ಗೌರವ ಬಂತು. ನಮ್ಮ ಮಿತಿ ಒಂದೂವರೆ ಕಿಲೋಮೀಟರ್. ಅಲಾಸ್ಕಾದ ನೆಲದಲ್ಲಿ ಅದೇ ಜಾಸ್ತಿ. ಕಾಲಿಟ್ಟಲ್ಲೆಲ್ಲ ಹುಲ್ಲಿನ ಗುಪ್ಪೆ ಪಕ್ಕಕ್ಕೆ ವಾಲುತ್ತದೆ, ನಡುವೆ ಮೊಣಕಾಲುದ್ದ ನೀರು. ಒಂದು ಮೂಸ್ ಅಂದರೆ ಎಂಟು ಹತ್ತು ಹೊರೆ. ಒಂದೊಂದು ಹೊರೆಗೂ ಹೋಗಿ ಬರೋದು ಸೇರಿಸಿ ಗುಣಿಸಿಕೊಳ್ಳಿ. ನೀರಲ್ಲಿ ನಿಂತ ಮೂಸ್‌ಗೆ ಈಡು ಹೊಡೆಯುವುದಿಲ್ಲ ಅಂತ ಹೊರಡುವ ಮೊದಲೇ ನಾವಿಬ್ಬರೂ ಮಾತಾಡಿಕೊಂಡಿರುತ್ತೇವೆ. ಎಷ್ಟು ಹತ್ತಿರ ಇದ್ದರೂ ಸರಿ. ಅಷ್ಟು ಭಾರದ ಪ್ರಾಣಿಯನ್ನು ಇಬ್ಬರು ನೀರಿನಿಂದ ಎಳೆಯಲಾರರು.

ಕಾನೂನೂ ಮಾಂಸದ ಕಡೆಗೇ ಇದೆ. ನಾಲ್ಕು ಕಾಲು, ಪಕ್ಕೆ, ಕುತ್ತಿಗೆ, ಎದೆ, ಬೆನ್ನಿನ ಮಾಂಸ ಎಲ್ಲವನ್ನೂ ತರಲೇಬೇಕು. ಮಾಂಸ ಪೂರ್ತಿ ಹೊರಗೆ ಬರುವ ಮೊದಲು ಕೊಂಬು ತರುವ ಹಾಗಿಲ್ಲ, ಕೊನೆಯ ಹೊರೆಯ ಜೊತೆಗೇ ತರಬೇಕು. ಬೇಟೆಯ ನಿಯಮಗಳಿಗಾಗಿ ರಾಜ್ಯವನ್ನು 26 ಪ್ರದೇಶಗಳಾಗಿ, ಅಂದರೆ ಬೇಟೆ ಘಟಕಗಳಾಗಿ, ಹಂಚಿದ್ದಾರೆ. ಕೆಲವು ಘಟಕಗಳಲ್ಲಿ ಕಾಲು, ಪಕ್ಕೆಗಳನ್ನು ಮೂಳೆ ಬಿಡಿಸದೆಯೇ ತರಬೇಕು. ಆಗ ವಿಮಾನದ ತೂಕದ ಲೆಕ್ಕವೂ ಬದಲಾಗುತ್ತದೆ. ಎಷ್ಟೋ ಕಡೆ ಕೊಂಬಿನ ಅಗಲ 50 ಇಂಚು ಇರಬೇಕು, ಇಲ್ಲವೇ ಒಂದು ಪಕ್ಕದಲ್ಲಾದರೂ ಹಣೆಯ ಹತ್ತಿರ, ಘಟಕಕ್ಕೆ ತಕ್ಕಂತೆ, ಮೂರೋ ನಾಲ್ಕೋ ಕವಲು ಇರಬೇಕು. ದೂರದಿಂದ ಅಗಲ ಅಳೆಯುವುದು ಕಷ್ಟ, ಕವಲು ಎಣಿಸುವುದು ಸುಲಭ. ಹಾಗಾಗಿ ನಾನು ಬೈನಾಕ್ಯುಲರ್‌ಗೆ ಟ್ರೈಪಾಡ್ ಒಯ್ಯುತ್ತೇನೆ. ಎಣಿಕೆ ಖಾತ್ರಿಯಾಗದಿದ್ದರೆ ಈಡು ಇಲ್ಲ. ಇನ್ನೊಂದು ನಿಯಮ: ಇಳಿದ ದಿನ ಬೇಟೆ ಆಡುವಂತಿಲ್ಲ. ಮಾರನೇ ದಿನ ಬೆಳಗಿನ ಜಾವ 3 ಗಂಟೆ ಕಳೆಯಬೇಕು. ವಿಮಾನದಿಂದ ಪ್ರಾಣಿ ನೋಡಿಕೊಂಡು ಇಳಿದು ಹೊಡೆಯುವುದು ನ್ಯಾಯವಲ್ಲ, ಅಲ್ವಾ?

ನಮ್ಮವರಿಗೆ ಮುಖ್ಯವಾದ ಮಾತು ಒಂದಿದೆ. ಬೆಂಗಳೂರಿನಿಂದ ಪ್ರವಾಸಕ್ಕೆ ಬಂದವರು ಇಲ್ಲಿ ಮೂಸ್ ಆಗಲಿ, ಕ್ಯಾರಿಬೂ (ಕಾಡು ಹಿಮಸಾರಂಗ) ಆಗಲಿ ಲೈಸೆನ್ಸ್ ಇರುವ ಗೈಡ್ ಇಲ್ಲದೆ ಬೇಟೆ ಆಡುವಂತಿಲ್ಲ. ಬೇರೆ ರಾಜ್ಯದ ಅಮೆರಿಕನ್ನರಿಗೆ ಕಂದು ಕರಡಿ, ಡಾಲ್ ಎಂಬ ಕಾಡುಕುರಿ, ಬೆಟ್ಟದ ಮೇಕೆಗೆ ಗೈಡ್ ಇಲ್ಲವೇ ಅಲಾಸ್ಕಾ ನಿವಾಸಿಯಾದ ಹತ್ತಿರದ ನೆಂಟರು ಜೊತೆಗಿರುವುದು ಕಡ್ಡಾಯ, ಮೂಸ್‌ಗೆ ಬೇಕಿಲ್ಲ. ಅಲಾಸ್ಕಾದಲ್ಲೇ ಮನೆ ಮಾಡಿ, ಇಲ್ಲೇ ಇರುವ ಉದ್ದೇಶದಿಂದ 12 ತಿಂಗಳು ಕಳೆದವರು ಮಾತ್ರ ಇಲ್ಲಿನ ನಿವಾಸಿ ಅನ್ನಿಸಿಕೊಳ್ಳುತ್ತಾರೆ.

ಸಾಮಾನಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮೆತ್ತನೆ ಚೀಲಗಳು ಸಾಕು, ಗಟ್ಟಿ ಪೆಟ್ಟಿಗೆ ವಿಮಾನದ ಮೂಲೆಗಳಲ್ಲಿ ಕೂರುವುದಿಲ್ಲ. ಮನೆಯಲ್ಲೇ ಬಟ್ಟೆ, ಬೂಟು ಹಾಕಿಕೊಂಡೇ ತೂಕ ನೋಡಿ ಬರೆದಿಟ್ಟುಕೊಳ್ಳಿ. ಕರಡಿ ಸ್ಪ್ರೇಯನ್ನು (ಕರಡಿ ಮೇಲೆರಗಿದರೆ ಎರಚುವ ಖಾರದ ಸ್ಪ್ರೇ) ಪೈಲಟ್‌ಗೆ ಹೇಳಿಯೇ ಕೊಡಿ, ಅವರು ಫ್ಲೋಟಿನೊಳಗೆ ಇಡುತ್ತಾರೆ. ಅದು ಹಾರುವಾಗ ಒಳಗೆ ಸಿಡಿದರೆ ಎಲ್ಲರ ಪ್ರಾಣಕ್ಕೆ ಸಂಚಕಾರ. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಇನ್‌ರೀಚ್ ಬೇಕೇ ಬೇಕು. ಊಟಕ್ಕೆ ಮಾತ್ರ ನಮ್ಮಷ್ಟು ಅನುಕೂಲ ಇನ್ಯಾರಿಗೂ ಇಲ್ಲ. ಅವಲಕ್ಕಿ, ರಾಗಿ ಹುರಿಹಿಟ್ಟು, ಚಟ್ನಿಪುಡಿ: ಹಗುರ, ಕೆಡುವುದಿಲ್ಲ, ಬಿಸಿನೀರಿದ್ದರೆ ಸಾಕು. ಗೊತ್ತುಮಾಡಿದ ದಿನಕ್ಕಿಂತ ನಾಲ್ಕು ದಿನದ ಊಟ ಜಾಸ್ತಿ ಇರಲಿ. ಮಂಜು ಕವಿದರೆ ವಿಮಾನ ಬರುವುದಿಲ್ಲ. ವಾಪಸ್ ಬರಬೇಕಾದ ದಿನದ ಮಾರನೇ ದಿನವೇ ಆಫೀಸು ಅನ್ನುವ ಹಾಗೆ ರಜೆ ಲೆಕ್ಕ ಹಾಕಲೂ ಬೇಡಿ.

ಮಾಂಸ ಉಳಿಸುವ ಕೆಲಸವೇ ನಿಜವಾದ ಬೇಟೆ ಅಂತ ನನ್ನ ಅಭಿಪ್ರಾಯ. ಮೂಸ್ ಬಿದ್ದ ಕೂಡಲೇ ಚರ್ಮ ಸುಲಿಯಬೇಕು. ಆ ದಪ್ಪ ಚರ್ಮ ಮೈಯ ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಕೆಡುವುದು ಮೊದಲು ಸೊಂಟದ ಕೀಲಿನ ಹತ್ತಿರ, ಮೂಳೆಯ ಪಕ್ಕದಲ್ಲಿ. ಒಂದೊಂದು ಕಾಲನ್ನೂ ಬಿಡಿಸಿ, ಗಾಳಿಯಾಡುವ ತೆಳು ಬಟ್ಟೆ ಚೀಲಕ್ಕೆ ಹಾಕಿ, ಅಡ್ಡಕೋಲಿಗೆ ಒಂದಕ್ಕೊಂದು ತಾಗದಂತೆ ತೂಗುಹಾಕುತ್ತೇವೆ. ಮೇಲೆ ಟಾರ್ಪಾಲಿನ್ ಕಟ್ಟುವುದು ಮಳೆಗೆ, ಆದರೆ ಅದು ಮಾಂಸಕ್ಕೆ ತಾಗಬಾರದು. ಮಾರನೇ ದಿನ ಕೈಯಿಟ್ಟರೆ ಮೇಲೊಂದು ಒಣ ಪೊರೆ ಕಟ್ಟಿರಬೇಕು, ಕಾಗದ ಮುಟ್ಟಿದ ಹಾಗೆ. ಆ ಪೊರೆ ಇದ್ದರೆ ನೊಣ ಮೊಟ್ಟೆ ಇಡುವುದು ಕಷ್ಟ. ಒದ್ದೆಯಾಗಿ ಅಂಟಿದರೆ ಇನ್‌ರೀಚ್‌ನಲ್ಲಿ ಪೈಲಟ್‌ಗೆ ಹೇಳಿ ಮೊದಲ ಲೋಡ್ ಬೇಗ ಕಳಿಸುವುದೇ ಲೇಸು. ಈ ಮಾಂಸ ತೂಗುವ ಜಾಗ ಟೆಂಟಿನಿಂದ ನೂರು ಮೀಟರ್ ಆಚೆ, ದೂರದಿಂದಲೇ ಕಣ್ಣಿಗೆ ಬೀಳುವಂತೆ ಇರಬೇಕು. ಸುತ್ತ ಬ್ಯಾಟರಿಯ ಕರೆಂಟ್ ಬೇಲಿ ಹಾಕುತ್ತೇವೆ. ಹತ್ತಿರ ಹೋಗುವಾಗ ಜೋರಾಗಿ ಮಾತಾಡುತ್ತಲೇ ಹೋಗುತ್ತೇವೆ. ಕರಡಿ ಅದರ ಮೇಲೆ ಕೂತಿದ್ದರೆ ಆ ಮಾಂಸ ಕರಡಿಯದ್ದೇ.

ಹತ್ತಿರದ ಹಳ್ಳಿಯವರಿಗೆ ಪಾಲು ಕೊಡುವುದನ್ನೂ ಪ್ಲಾನ್‌ನಲ್ಲಿ ಸೇರಿಸಿ. ಇಲ್ಲಿನ ಮೂಲನಿವಾಸಿಗಳಿಗೆ ಮೂಸ್, ಕ್ಯಾರಿಬೂ ಅಂದರೆ ಹೊಟ್ಟೆಪಾಡು. ಪಶ್ಚಿಮ ಆರ್ಕ್ಟಿಕ್‌ನ ಕ್ಯಾರಿಬೂ ಹಿಂಡು 2003ರಲ್ಲಿ 4,90,000 ಇದ್ದದ್ದು 2023ಕ್ಕೆ ಸುಮಾರು 1,52,000ಕ್ಕೆ ಇಳಿದಿದೆ. ವಿಮಾನದಲ್ಲಿ ಬರುವ ಬೇಟೆಗಾರರ ಮೇಲೆ ಅವರಿಗೆ ಬೇಸರ ಇದ್ದರೆ ಅದಕ್ಕೆ ಕಾರಣ ಇದೆ. ಅವರ ದೋಣಿಯ ದಾರಿ, ಅವರ ಬಿಡಾರಗಳ ಹತ್ತಿರದ ಸರೋವರಗಳನ್ನು ನಾವು ನಕ್ಷೆಯಲ್ಲೇ ಬಿಟ್ಟುಬಿಡುತ್ತೇವೆ. ಮಾಂಸ ಕೊಡುವಾಗ ಹಸ್ತಾಂತರದ ಚೀಟಿ ಬರೆದು ಇಬ್ಬರೂ ಸಹಿ ಹಾಕಬೇಕು. ಖಾಲಿ ಫಾರಂ ರಾಜ್ಯದ ಬೇಟೆ ಇಲಾಖೆಯ ನಿಯಮ ಪುಸ್ತಕದಲ್ಲೇ ಇದೆ, ಒಂದೆರಡು ಪ್ರತಿ ಜೇಬಲ್ಲಿರಲಿ.