ಗಡಿಯಾಚೆಯಿಂದ ಹಳೇ ಕಾರು ತರುವುದು ಹೇಗೆ? ಮೊದಲು ಅಮ್ಮನನ್ನು ಕೂರಿಸಿ ನೋಡಿ

ಕಾಸರಗೋಡಿನ ಪೆರ್ಲ ಪೇಟೆಯಲ್ಲಿ ಸಂಜೆ ಚಹಾಕ್ಕೆ ನಾವು ನಾಲ್ಕೈದು ಜನ ಸೇರುತ್ತೇವೆ. ಮಾತು ಅಡಿಕೆ ರೇಟಿನಿಂದ ಶುರುವಾದರೂ ಹತ್ತು ನಿಮಿಷದಲ್ಲಿ ಕಾರಿಗೆ ಬಂದು ನಿಲ್ಲುತ್ತದೆ. ಯಾರ ಗಾಡಿ ಎಷ್ಟು ಮೈಲೇಜ್ ಕೊಡುತ್ತದೆ, ಯಾರ ಮಗಳು ಸಂಪಾಜೆ ಘಾಟಿಯಲ್ಲಿ ವಾಂತಿ ಮಾಡಿದಳು, ಯಾರ ಅತ್ತೆಗೆ ಹಿಂದಿನ ಸೀಟಿನಿಂದ ಇಳಿಯಲಿಕ್ಕೆ ಆಗುವುದಿಲ್ಲ, ಎಲ್ಲಾ ಒಟ್ಟಿಗೇ. ಕಾರಿನ ಮಾತೂ ಮನೆಯ ಮಾತೂ ನಮಗೆ ಬೇರೆ ಬೇರೆ ಅಲ್ಲ. ಹಿಂದೊಮ್ಮೆ ಗುಂಪಿನ ಒಬ್ಬ ಭಾವ ಕೇಳಿದ, "ಪುತ್ತೂರಲ್ಲಿ ಒಂದು ಗಾಡಿ ಉಂಟಂತೆ, ಕೆಎ ನಂಬರ್. ತೆಗೆದುಕೊಳ್ಳಬಹುದಾ ಮಾರಾಯಾ?" ಅವನಿಗೆ ಎರಡು ಗ್ಲಾಸ್ ಚಹಾ ಮುಗಿಯುವವರೆಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಊರಿನ ಕಥೆ ಗೊತ್ತುಂಟಲ್ಲ. 1956ರ ನವೆಂಬರ್ 1ರಿಂದ ಕಾಸರಗೋಡು ಕೇರಳದಲ್ಲಿದೆ. ಆದರೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು, ಅಡಿಕೆ ಅಂದರೆ ಪುತ್ತೂರು, ಮದುವೆ ಮುಂಜಿ ಅಂದರೆ ವಿಟ್ಲ, ಸುಳ್ಯ. ಹಾಗಾಗಿ ಹಳೇ ಕಾರು ಹುಡುಕುವಾಗಲೂ ನಮ್ಮ ಕಾಲು ತಾನಾಗಿಯೇ ಗಡಿಯ ಅಡ್ಕಸ್ಥಳ ದಾಟುತ್ತದೆ. ಅದರಲ್ಲಿ ತಪ್ಪೇನಿಲ್ಲ. ಕಬ್ಬಿಣ ಯಾವುದು, ಕಾಗದ ಯಾವುದು ಅಂತ ಸರಿಯಾಗಿ ನೋಡಿ ತರಬೇಕು, ಅಷ್ಟೆ.

ಕಾರು ನೋಡಲಿಕ್ಕೆ ಒಬ್ಬರೇ ಹೋಗಬೇಡಿ. ಮೆಕ್ಯಾನಿಕ್ ಜೊತೆಗಿರಲಿ, ಬೇಡ ಅನ್ನುವುದಿಲ್ಲ, ಆದರೆ ಅವರಿಗಿಂತ ಮೊದಲು ಅಮ್ಮನನ್ನು ಕರೆದುಕೊಂಡು ಹೋಗಿ. ನಾನು ಮೊದಲ ಸಲ ತಂದದ್ದು ಚಂದದ ಒಂದು ಸೆಡಾನ್. ಒಬ್ಬನೇ ಹೋಗಿ ನೋಡಿ, ಒಬ್ಬನೇ ಖುಷಿಪಟ್ಟು, ಅಡ್ವಾನ್ಸ್ ಕೊಟ್ಟು ಬಂದಿದ್ದೆ. ಮನೆಗೆ ತಂದ ಮೇಲೆ ಗೊತ್ತಾಯಿತು, ಅಮ್ಮನ ಮಂಡಿಗೆ ಅದು ಬಾವಿಗೆ ಇಳಿದ ಹಾಗೆ. ಇಳಿಯುವಾಗ ಒಂದು ಕಾಲು ಹೊರಗಿಟ್ಟು, ಬಾಗಿಲ ಮೇಲಿನ ಹಿಡಿ ಹಿಡಿದುಕೊಂಡು, ಏಳಲಾಗದೆ ಹಾಗೇ ಕೂತು ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ನೋಡುತ್ತಿದ್ದರು, ಅಡಿಕೆ ನೋಡಲಿಕ್ಕೇ ಕೂತದ್ದೇನೋ ಎನ್ನುವ ಹಾಗೆ. ಒಂದು ದಿನವೂ ದೂರಲಿಲ್ಲ. ಎಂಟು ತಿಂಗಳಲ್ಲಿ ನಾನೇ ಆ ಕಾರು ಮಾರಿದೆ.

ಅದಕ್ಕೇ ಹೇಳುವುದು, ಮಾರುವವರ ಮನೆ ಅಂಗಳದಲ್ಲೇ ಅಮ್ಮನನ್ನು ಮುಂದೆ ಒಂದು ಸಲ, ಹಿಂದೆ ಒಂದು ಸಲ ಹತ್ತಿಸಿ ಇಳಿಸಿ. ಸೀಟು ಸೊಂಟದ ಮಟ್ಟಕ್ಕೆ ಹತ್ತಿರ ಇದ್ದರೆ ವಯಸ್ಸಾದವರಿಗೆ ಸುಲಭ. ಹಿಂದಿನ ಬಾಗಿಲು ಎಷ್ಟು ಅಗಲಕ್ಕೆ ತೆರೆಯುತ್ತದೆ ನೋಡಿ, ಆಸ್ಪತ್ರೆಗೆ ಹೋಗುವ ದಿನ ಅದು ಬೇಕಾಗುತ್ತದೆ. ಮಕ್ಕಳನ್ನೂ ಕೂರಿಸಿ. ಹಿಂದೆ ಕೂತರೆ ಹೊರಗೆ ಕಾಣುತ್ತದಾ? ಕಿಟಕಿ ಸಣ್ಣದಿದ್ದು ಎದುರು ರಸ್ತೆ ಕಾಣದಿದ್ದರೆ ಘಾಟಿ ತಿರುವಿನಲ್ಲಿ ಮಕ್ಕಳಿಗೆ ಹೊಟ್ಟೆ ತೊಳೆಸುವುದು ಜಾಸ್ತಿ. ಹಿಂದೆ ಎಸಿ ಗಾಳಿ ಬರುತ್ತದಾ, ಸಣ್ಣ ಮಗುವಿದ್ದರೆ ಮಗುವಿನ ಸೀಟು ಸಿಕ್ಕಿಸುವ ಐಸೋಫಿಕ್ಸ್ ಕೊಕ್ಕೆ ಉಂಟಾ, ಇದನ್ನೆಲ್ಲ ಅಲ್ಲೇ ನೋಡಬೇಕು.

ಇನ್ನೊಂದು, ನಿಮ್ಮ ಮನೆ ದಾರಿ. ನಮ್ಮಲ್ಲಿ ಹೆಚ್ಚಿನ ಮನೆಗಳು ಟಾರು ರಸ್ತೆಯಿಂದ ಗುಡ್ಡೆ ಇಳಿದು ತೋಟದ ಬದಿಯಲ್ಲಿ. ಪುಸ್ತಕದಲ್ಲಿ ಕೊಟ್ಟ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ಅಡಿಗೂ ಇರುವ ಅಂತರ, ಸಾಮಾನ್ಯವಾಗಿ ಖಾಲಿ ಗಾಡಿಯದ್ದು. ಐದು ಜನ ಕೂತು, ಡಿಕ್ಕಿಯಲ್ಲಿ ಒಂದು ಗೋಣಿ ಅಕ್ಕಿ ಇಟ್ಟರೆ ಗಾಡಿ ಎಷ್ಟು ಕೂರುತ್ತದೆ ನೋಡಿ. ಸಾಧ್ಯವಿದ್ದರೆ ಮಾರುವವರನ್ನೇ ಗಾಡಿ ಸಮೇತ ಮನೆಗೆ ಊಟಕ್ಕೆ ಕರೆಯಿರಿ. ತಮಾಷೆ ಅಲ್ಲ. ಅವರು ಕೆಳಗೆ ಬಂದು ಮತ್ತೆ ಮೇಲೆ ಹತ್ತಿಸುವಾಗ ಕ್ಲಚ್ಚಿನ ಹಣೆಬರಹ ಅರ್ಧ ಗೊತ್ತಾಗಿ ಹೋಗುತ್ತದೆ.

ಈಗ ಗಾಡಿಯ ಮೈ. ಹೋಗುವ ಮೊದಲೇ ಫೋನಿನಲ್ಲಿ ಹೇಳಿಬಿಡಿ, ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ. ಹೋದ ಕೂಡಲೇ ಬಾನೆಟ್ ಮುಟ್ಟಿ. ಬಿಸಿ ಉಂಟಾ? ಹಾಗಾದರೆ ತಣ್ಣಗಿರುವಾಗ ಏನೋ ತಕರಾರು ಇದ್ದು ಮೊದಲೇ ಓಡಿಸಿ ಇಟ್ಟಿರಬಹುದು. ಬೆಳಿಗ್ಗೆ ಹೋಗಿ, ಮಳೆ ನಿಂತ ಮೇಲೆ ಹೋಗಿ. ಒದ್ದೆ ಮೈಯಲ್ಲಿ ಗೀರು, ಬಣ್ಣದ ವ್ಯತ್ಯಾಸ ಕಾಣುವುದಿಲ್ಲ. ಬಾಗಿಲಿನ ಸುತ್ತ ಇರುವ ರಬ್ಬರ್ ಬೀಡಿಂಗ್ ಸ್ವಲ್ಪ ಎಳೆದರೆ ಒಳಗೆ ಕಂಪನಿಯ ವೆಲ್ಡಿಂಗ್ ಗುರುತುಗಳು ಸಾಲಾಗಿ, ಒಂದೇ ಅಂತರದಲ್ಲಿ ಚುಕ್ಕಿ ಇಟ್ಟ ಹಾಗೆ ಕಾಣಬೇಕು. ಒಂದು ಬದಿಯಲ್ಲಿ ಚುಕ್ಕಿ ಇದ್ದು ಇನ್ನೊಂದು ಬದಿಯಲ್ಲಿ ಬರೀ ಪುಟ್ಟಿ ಇದ್ದರೆ ಆ ಬದಿ ಎಲ್ಲಿಗೋ ಹೊಡೆದಿದೆ. ಮುಂದಿನ ಚಕ್ರದ ಮೇಲಿನ ತಗಡು, ಅಂದರೆ ಫೆಂಡರಿನ ಬೋಲ್ಟುಗಳ ಬಣ್ಣ ಕಿತ್ತಿದ್ದರೆ ಸ್ಪ್ಯಾನರ್ ಬಿದ್ದಿದೆ, ಬಿಚ್ಚಿ ಕೂರಿಸಿದ್ದು ಅಂತ. ಗಾಜುಗಳ ಮೂಲೆಯಲ್ಲಿ ಸಣ್ಣ ಅಕ್ಷರ ಇರುತ್ತದೆ, ಎಲ್ಲವೂ ಒಂದೇ ಕಂಪನಿಯದ್ದು, ಹೆಚ್ಚುಕಮ್ಮಿ ಒಂದೇ ಕಾಲದ್ದು ಇರಬೇಕು.

ಟಯರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಹುಡುಕಿ. 2319 ಅಂತ ಇದ್ದರೆ 2019ರ 23ನೇ ವಾರ ತಯಾರಾದದ್ದು. ಕಾರು ಇಪ್ಪತ್ತು ಸಾವಿರ ಕಿಲೋಮೀಟರ್ ಮಾತ್ರ ಓಡಿದೆ ಅನ್ನುತ್ತಾರೆ, ಟಯರ್ ನೋಡಿದರೆ ನಾಲ್ಕೂ ಬದಲಾಗಿದೆ, ಬ್ರೇಕ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿದೆ. ಲೆಕ್ಕ ನೀವೇ ಹಾಕಿ.

ನೀರಿಗೆ ಬಿದ್ದ ಗಾಡಿ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ನಾನು ಸುಟ್ಟುಕೊಂಡದ್ದು ಅಲ್ಲೇ. 2018ರ ಆಗಸ್ಟಿನಲ್ಲಿ ಕೇರಳದಲ್ಲೂ ಕೊಡಗಿನಲ್ಲೂ ನೆರೆ ಬಂತಲ್ಲ, ಅದರ ಮರುವರ್ಷ ಒಬ್ಬ ಬ್ರೋಕರ್ ಮೂಲಕ ಒಂದು ಹ್ಯಾಚ್‌ಬ್ಯಾಕ್ ಕೊಂಡೆ. ಹೊಸ ಸೀಟ್ ಕವರ್, ಡ್ಯಾಶ್‌ಬೋರ್ಡಿಗೆ ಪಾಲಿಶ್, ಒಳಗೆ ಮಲ್ಲಿಗೆ ಪರಿಮಳ. ಮೂರು ವಾರ ಚೆನ್ನಾಗಿತ್ತು. ಆಮೇಲೆ ಮಗಳು ಹಿಂದಿನ ಸೀಟಿನಲ್ಲಿ ಆಟಕ್ಕೆ ಅಂತ ಬೆಲ್ಟನ್ನು ಪೂರ್ತಿ ಹೊರಗೆಳೆದಳು. ಕೊನೆಯ ಒಂದೂವರೆ ಅಡಿ ಬೆಲ್ಟಿನಲ್ಲಿ ಕೆಂಪು ಮಣ್ಣು ಒಣಗಿ ಗಟ್ಟಿಯಾಗಿತ್ತು, ಕೈಯಲ್ಲಿ ಉಜ್ಜಿದರೆ ಪುಡಿ ಉದುರಿತು. "ಅಪ್ಪಾ, ಇದು ತೋಟಕ್ಕೆ ಹೋಗಿತ್ತಾ?" ಅಂತ ಕೇಳಿದಳು. ಆ ಮಳೆಗಾಲದಲ್ಲಿ ಒಂದೊಂದೇ ವಯರಿಂಗ್ ಕೈಕೊಟ್ಟಿತು. ಪವರ್ ವಿಂಡೋ, ಹಾರ್ನ್, ಕೊನೆಗೆ ಮೀಟರ್.

ಅದಕ್ಕೇ ಎಲ್ಲಾ ಸೀಟ್ ಬೆಲ್ಟನ್ನೂ ಕೊನೆಯವರೆಗೆ ಎಳೆದು ನೋಡಿ. ತೊಳೆಯುವವರು ಎಲ್ಲಾ ತೊಳೆಯುತ್ತಾರೆ, ಅದನ್ನು ಮರೆಯುತ್ತಾರೆ. ಸೀಟಿನ ಅಡಿಯ ಹಳಿ, ಅದರ ಬೋಲ್ಟು ತುಕ್ಕು ಹಿಡಿದಿದೆಯಾ ನೋಡಿ. ಕಾರ್ಪೆಟ್ ಎತ್ತಿ ಮೂಸಿ, ಸ್ಟೆಪ್ನಿ ಗುಂಡಿಯಲ್ಲಿ ಕೈ ಹಾಕಿ. ಹೆಡ್‌ಲೈಟಿನ ಒಳಗೆ ನೀರು ನಿಂತ ಗೆರೆ ಇದ್ದರೆ ನಮಸ್ಕಾರ ಹೇಳಿ ಬನ್ನಿ. ಅತಿಯಾದ ಪರಿಮಳ ಬಂದರೂ ನನಗೆ ಈಗ ಸಂಶಯವೇ. ಕುಂಬಳೆ, ಉಪ್ಪಳದ ಕಡಲ ಬದಿಯ ಗಾಡಿಯಾದರೆ ಉಪ್ಪು ಗಾಳಿಗೆ ಅಡಿಯಲ್ಲಿ ತುಕ್ಕು ಬಂದಿರುತ್ತದೆ, ರ‍್ಯಾಂಪ್ ಮೇಲೆ ಏರಿಸಿಯೇ ನೋಡಬೇಕು. ತೋಟದ ಮನೆಯ ಗಾಡಿಯಾದರೆ ಇಲಿ. ಏರ್ ಫಿಲ್ಟರ್ ಡಬ್ಬಿ ತೆರೆದರೆ ಅಡಿಕೆ ಸಿಪ್ಪೆಯ ಗೂಡು ಸಿಕ್ಕಿದ್ದನ್ನು ನಾನೇ ನೋಡಿದ್ದೇನೆ.

ಎಂಜಿನ್ ವಿಷಯ ಮೆಕ್ಯಾನಿಕ್ ನೋಡಲಿ. ನಿಮಗೆ ಇಷ್ಟು ಗೊತ್ತಿದ್ದರೆ ಸಾಕು: ಹೊಗೆ ನೀಲಿ ಇದ್ದರೆ ಆಯಿಲ್ ಉರಿಯುತ್ತಿದೆ, ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಎಂಜಿನ್ ತಂಪು ಮಾಡುವ ಕೂಲಂಟ್ ಒಳಗೆ ಹೋಗುತ್ತಿರಬಹುದು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಹಾಕಿದ ಚಹಾದ ಹಾಗೆ ಕಂಡರೆ ಆ ಗಾಡಿ ಬೇಡ. ಎಂಜಿನ್ನಿನ ಒಳಗಿನ ಭಾಗಗಳನ್ನು ತಾಳಕ್ಕೆ ಸರಿಯಾಗಿ ತಿರುಗಿಸುವ ಟೈಮಿಂಗ್ ಬೆಲ್ಟ್ ಇರುವ ಗಾಡಿ ಆದರೆ ಯಾವಾಗ ಬದಲಿಸಿದ್ದು ಅಂತ ಬಿಲ್ ಕೇಳಿ, ಚೈನ್ ಆದರೆ ಆ ತಲೆಬಿಸಿ ಕಡಿಮೆ. ನಮ್ಮ ಗುಂಪಿನಲ್ಲಿ ಸ್ವಿಫ್ಟ್ ಡೀಸೆಲ್ ಭಕ್ತರು ಇಬ್ಬರಿದ್ದಾರೆ. ಆ 1.3 ಲೀಟರ್ ಎಂಜಿನ್ ಚೈನಿನದ್ದೇ, ಮಾತೇ ಇಲ್ಲ. ಆದರೆ ಮಾರುತಿ 2020ರ ಏಪ್ರಿಲ್‌ಗೆ ಡೀಸೆಲ್ ನಿಲ್ಲಿಸಿತು, ಹಾಗಾಗಿ ಎಷ್ಟೇ ಹೊಸದು ಅಂದರೂ ಆ ಗಾಡಿಗೆ ಈಗ ವಯಸ್ಸಾಗಿದೆ ಅನ್ನುವುದನ್ನು ಮರೆಯಬೇಡಿ. ದಿನಕ್ಕೆ ಬದಿಯಡ್ಕಕ್ಕೆ ಹೋಗಿ ಬರುವವರಿಗೆ ಪೆಟ್ರೋಲೇ ಸಾಕು ಅಂತ ನನ್ನ ಅಭಿಪ್ರಾಯ, ಜಗಳಕ್ಕೆ ಬರಬೇಡಿ.

ಓಡಿಸಿ ನೋಡುವುದು ಪೇಟೆಯಲ್ಲಿ ಒಂದು ಸುತ್ತು ಅಲ್ಲ. ಮನೆಯವರನ್ನೆಲ್ಲ ಕೂರಿಸಿ, ಎಸಿ ಹಾಕಿ, ಒಂದು ಒಳ್ಳೇ ಏರು ಹತ್ತಿಸಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಓಡಿಸುವಾಗ ಮುಂದಿನ ಚಕ್ರದಿಂದ ಟಕಟಕ ಅಂದರೆ ಆಕ್ಸಲ್ ಜಾಯಿಂಟ್ ಸವೆದಿದೆ. ರೇಡಿಯೋ ಬಂದ್ ಮಾಡಿ. ಮಾರುವವರು ತುಂಬಾ ಮಾತಾಡುತ್ತಿದ್ದರೆ ಅವರ ಮಾತನ್ನೂ ಹೇಗಾದರೂ ಬಂದ್ ಮಾಡಿಸಿ, ಗಾಡಿಯ ಸದ್ದು ಕೇಳಬೇಕು.

ಕಾಗದದಲ್ಲಿಯೇ ನಮ್ಮ ಕಡೆಯವರು ಹೆಚ್ಚು ಜಾರುವುದು. "ಕೆಎ ನಂಬರಲ್ಲೇ ಇಟ್ಟುಕೊಳ್ಳಿ, ಗಡಿ ಹತ್ತಿರ ತಾನೆ, ಯಾರು ಕೇಳುತ್ತಾರೆ?" ಅಂತ ಹೇಳುವವರು ಹತ್ತು ಜನ ಸಿಗುತ್ತಾರೆ. ಕೇಳಬೇಡಿ. ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಅಲ್ಲಿನ ನಂಬರ್ ಮಾಡಿಸಬೇಕು ಅಂತ 1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಹೇಳುತ್ತದೆ. ಅದು ಮಾಲೀಕರು ಬದಲಾಗದೆ ಊರು ಬದಲಿಸಿದವರಿಗೂ ಅನ್ವಯ. ನೀವು ಕೊಂಡ ಮೇಲೆ ಆರ್‌ಸಿ, ಅಂದರೆ ನೋಂದಣಿ ಪತ್ರ, ಹೇಗೂ ನಿಮ್ಮ ಹೆಸರಿಗೆ ಆಗಬೇಕು. ಮಾರುವವರಿಗೂ ಇದನ್ನು ಹೇಳಿ: ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಅಪಘಾತ ಆದರೆ ಪರಿಹಾರದ ಹೊಣೆ ಅವರಿಗೇ ಬರುತ್ತದೆ ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇದನ್ನು ಕೇಳಿದ ಮೇಲೆ ಹೆಚ್ಚಿನವರು ತಾವಾಗಿಯೇ ಆರ್‌ಟಿಒಗೆ ಬರುತ್ತಾರೆ.

ಕ್ರಮ ಹೀಗೆ. ಮೊದಲು ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿ, ಎಷ್ಟನೇ ಮಾಲೀಕರು, ಇನ್ಶೂರೆನ್ಸ್ ಯಾವಾಗಿನವರೆಗೆ, ಸಾಲ ಉಂಟಾ, ದಂಡ ಬಾಕಿ ಉಂಟಾ ನೋಡಿ. ಸಾಲ ಇದ್ದರೆ ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35 ಬಂದು ಆರ್‌ಸಿಯಿಂದ ಬ್ಯಾಂಕಿನ ಹೆಸರು ಹೋಗುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. "ಸಾಲ ತೀರಿಸಿ ಆಗಿದೆ" ಅನ್ನುವ ಬಾಯಿ ಮಾತು ನಂಬಿ ನಮ್ಮ ಗುಂಪಿನವನೊಬ್ಬ ಆರು ತಿಂಗಳು ಅಲೆದ. ಆಮೇಲೆ ಮಾರುವವರು ತಮ್ಮ ಆರ್‌ಟಿಒದಲ್ಲಿ, ಅಂದರೆ ಕೆಎ 21 ಆದರೆ ಪುತ್ತೂರು, ಕೆಎ 19 ಆದರೆ ಮಂಗಳೂರು, ಕೆಎ 12 ಆದರೆ ಮಡಿಕೇರಿ, ಫಾರ್ಮ್ 28ರಲ್ಲಿ, ಗಾಡಿ ಬೇರೆ ರಾಜ್ಯಕ್ಕೆ ಹೋಗಲಿಕ್ಕೆ ಅಡ್ಡಿ ಇಲ್ಲ ಎನ್ನುವ ಪತ್ರಕ್ಕೆ, ಅಂದರೆ ಎನ್‌ಒಸಿಗೆ ಅರ್ಜಿ ಹಾಕಬೇಕು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಲ್ಲಿ ಉಜ್ಜಿ ಅಚ್ಚು ತೆಗೆಯುವುದು ಆಗಲೇ. ಆ 17 ಅಕ್ಷರ ಆರ್‌ಸಿಯ ಜೊತೆ ನೀವೇ ಒಂದೊಂದಾಗಿ ತಾಳೆ ನೋಡಿ, ನಾಚಿಕೆ ಬೇಡ. ಫಾರ್ಮ್ 29, 30 ಮಾಲೀಕತ್ವ ಬದಲಿಸಲಿಕ್ಕೆ, ಫಾರ್ಮ್ 27 ಹೊಸ ನಂಬರಿಗೆ. ಕೊಂಡವರು 30 ದಿನದ ಒಳಗೆ ಆರ್‌ಟಿಒಗೆ ತಿಳಿಸಬೇಕು. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಲಿಕ್ಕೆ 14 ದಿನ. ಮಾರುವವರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ, ಅವರ ಜೊತೆಗೇ ಹೋಗುತ್ತದೆ, ವ್ಯತ್ಯಾಸದ ದುಡ್ಡು ನೀವು ಕಟ್ಟಬೇಕಾಗುತ್ತದೆ.

ಕೇರಳದ ತೆರಿಗೆಯನ್ನು ಕಾರಿನ ಮೊದಲ ಬೆಲೆ ಮತ್ತು ವಯಸ್ಸು ನೋಡಿ ಹಾಕುತ್ತಾರೆ, ನೀವು ಕೊಟ್ಟ ದುಡ್ಡು ನೋಡಿ ಅಲ್ಲ. ಇದು ತುಂಬಾ ಜನರಿಗೆ ಗೊತ್ತಿಲ್ಲ. ಪುತ್ತೂರಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ದೊಡ್ಡ ಗಾಡಿ ತಂದು, ಇಲ್ಲಿ ತೆರಿಗೆ ಕೇಳಿ ತಲೆ ಮೇಲೆ ಕೈ ಇಟ್ಟವರಿದ್ದಾರೆ. ಅಡ್ವಾನ್ಸ್ ಕೊಡುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ, ಆ ಮೊತ್ತ ಸೇರಿಸಿ ಚೌಕಾಸಿ ಮಾಡಿ. ಕರ್ನಾಟಕದಲ್ಲಿ ಕಟ್ಟಿದ ಜೀವಮಾನ ತೆರಿಗೆಯಲ್ಲಿ ಉಳಿದದ್ದನ್ನು ವಾಪಸು ಕೇಳುವ ಅವಕಾಶ ಉಂಟು, ಕೇರಳದ ನಂಬರ್ ಆದ ದಾಖಲೆ ಬೇಕಾಗುತ್ತದೆ. ಅದು ಯಾರಿಗೆ ಸೇರಬೇಕು ಅನ್ನುವುದನ್ನು ಮೊದಲೇ ಮಾತಾಡಿ ಬರೆದಿಡಿ. 15 ವರ್ಷಕ್ಕೆ ಹತ್ತಿರ ಬಂದ ಗಾಡಿಯಾದರೆ ಇನ್ನೊಂದು ಖರ್ಚು: 2022ರ ಏಪ್ರಿಲ್‌ನಲ್ಲಿ ಕಾರಿನ ಆರ್‌ಸಿ ನವೀಕರಣ ಶುಲ್ಕ 600 ರೂಪಾಯಿಯಿಂದ ಒಮ್ಮೆಲೇ 5000ಕ್ಕೆ ಏರಿತು.

ಗಾಡಿ ಮನೆಗೆ ಬಂದ ವಾರವೇ ಎಂಜಿನ್ ಆಯಿಲ್, ಫಿಲ್ಟರುಗಳು, ಕೂಲಂಟ್, ಬ್ರೇಕ್ ಆಯಿಲ್ ಬದಲಿಸಿಬಿಡಿ. ಹಿಂದಿನವರು ಮೊನ್ನೆಯಷ್ಟೇ ಬದಲಿಸಿದ್ದು ಅಂತ ಹೇಳಿರುತ್ತಾರೆ, ಇರಲಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಮಳೆಗೆ ಎರಡು ವರ್ಷಕ್ಕಿಂತ ಜಾಸ್ತಿ ಬಿಡಬಾರದು. ಎರಡನೇ ಕೀ ಕೇಳಿ ತೆಗೆದುಕೊಳ್ಳಿ, ಮರೆತರೆ ಆಮೇಲೆ ಸಿಗುವುದಿಲ್ಲ.

ಭಾವನ ಗಾಡಿ ಕೊನೆಗೆ ಬಂತು. ಅವನ ಅಮ್ಮ ಎರಡು ಸಲ ಹತ್ತಿ ಇಳಿದು, "ಇದಾದೀತು" ಅಂದ ಮೇಲೆಯೇ ಅಡ್ವಾನ್ಸ್ ಕೊಟ್ಟದ್ದು. ಎನ್‌ಒಸಿ, ತೆರಿಗೆ ಎಲ್ಲಾ ಮುಗಿದು ಕಾಸರಗೋಡಿನ ಕೆಎಲ್ 14 ಬೋರ್ಡ್ ಬಿದ್ದ ದಿನ ಮಧೂರು ದೇವಸ್ಥಾನಕ್ಕೆ ಹೋಗಿ ಪೂಜೆ ಮಾಡಿಸಿದರು. ಚಕ್ರದಡಿ ನಿಂಬೆ ಹಣ್ಣು ಇಟ್ಟದ್ದು ಅವನ ಮಗ. ಭಾವನ ಅಪ್ಪ ಮಾತ್ರ ಅಪ್ಪದ ಪ್ರಸಾದ ತಿನ್ನುತ್ತಾ ಹೊಸ ಬೋರ್ಡನ್ನೇ ನೋಡಿ, "ಇಷ್ಟೆಲ್ಲ ಮಾಡಿದ್ದೀ ಸರಿ, ಆದರೆ ಹಳೇ ನಂಬರ್ ನೆನಪಿಟ್ಟುಕೊಳ್ಳಲಿಕ್ಕೆ ಸುಲಭ ಇತ್ತು" ಅಂದರಂತೆ.