ಕರೆಂಟಿಲ್ಲದೆ ಸುಕೇಳಿ: ಒರೆಗಾನ್ ಸುರಂಗವನ್ನು ನಮ್ಮ ತೋಟದಲ್ಲಿ ಕಟ್ಟಿದ ಅನುಭವ

ಮಳೆಗಾಲದಲ್ಲೂ ಹಣ್ಣು ಒಣಗಿಸುತ್ತೇನೆ ಅಂದ ಕೂಡಲೇ ಜನ ಕೇಳುವುದು, "ಯಾವ ಕಂಪನಿ ಡ್ರೈಯರ್?" ಅಂತ. ಕಂಪನಿಯದ್ದಲ್ಲ. ಅದರ ನಕ್ಷೆ ನೂರು ವರ್ಷಕ್ಕೂ ಹಳೆಯದು. ಅಮೆರಿಕದ ಒರೆಗಾನ್ ರಾಜ್ಯದ ವಿಲ್ಯಾಮೆಟ್ ಕಣಿವೆಯಲ್ಲಿ ಪ್ರೂನ್ ಬೆಳೆಯುತ್ತಿದ್ದವರು ಕಟ್ಟಿಕೊಂಡಿದ್ದ ಸುರಂಗದ ಗೂಡು ಅದು. ಪ್ರೂನ್ ಅಂದರೆ ಒಣಗಿಸಲೆಂದೇ ಬೆಳೆಸುವ ಒಂದು ಜಾತಿಯ ಪ್ಲಮ್. ಕೆಳಗೆ ಒಲೆ, ಅದರ ಮೇಲೆ ಓರೆಯಾಗಿ ಏರುವ ಸುರಂಗ, ಮೇಲ್ತುದಿಯಲ್ಲಿ ಗಾಳಿ ಹೋಗಲು ಎತ್ತರದ ಚಿಮಣಿ. ಮೋಟರಿಲ್ಲ, ಫ್ಯಾನಿಲ್ಲ.

ನಮ್ಮದು ಶಿರಸಿ ಹತ್ತಿರದ ಅಡಿಕೆ ತೋಟ. ಅಡಿಕೆ ಮಧ್ಯೆ ಬಾಳೆ, ಬೆಟ್ಟದಲ್ಲಿ ಮುರುಗಲು, ಅಂದರೆ ಕೋಕಂ. ಒಣಗಿಸುವುದು ಅದರ ಹುಳಿ ಸಿಪ್ಪೆಯನ್ನು. ಬೇಸಿಗೆಯಲ್ಲಿ ಸುಕೇಳಿ, ಅಂದರೆ ಒಣ ಬಾಳೆಹಣ್ಣು, ಮಾಡುವುದು ದೊಡ್ಡ ವಿಷಯವಲ್ಲ. ಹಣ್ಣು ಸುಲಿದು ಬಿಸಿಲಿಗೆ ಹಾಕಿ, ನೊಣ ಬರದಂತೆ ಬಲೆ ಮುಚ್ಚಿದರಾಯಿತು. ಮುರುಗಲಿನದ್ದು ಹಾಗಲ್ಲ. ಹಣ್ಣು ಜೋರಾಗಿ ಬೀಳುವ ಹೊತ್ತಿಗೆ ಮಳೆ ಹಿಡಿಯುತ್ತದೆ, ಸಿಪ್ಪೆಗೆ ಬೂಸಲು ಬರುತ್ತದೆ. ಅಡಿಕೆಯ ಹೊಗೆ ಅಟ್ಟದ ಮೇಲೆ ಹಾಕಬಹುದು ನಿಜ. ಆದರೆ ಹೊಗೆ ವಾಸನೆಯ ಸುಕೇಳಿಯನ್ನು ಯಾರು ಕೊಳ್ಳುತ್ತಾರೆ? ಕರೆಂಟಿನ ಟ್ರೇ ಡ್ರೈಯರ್ ಕೂಡ ವಿಚಾರಿಸಿದೆ. ಲೈನಿನ ಮೇಲೆ ಒಂದು ಮರ ಬಿದ್ದರೆ ಎರಡು ದಿನ ಕತ್ತಲಾಗುವ ಊರಲ್ಲಿ ಅದು ಆಗದ ಮಾತು. ಅರ್ಧ ಒಣಗಿದ ಬಾಳೆಹಣ್ಣು ರಾತ್ರಿಯಿಡೀ ಸುಮ್ನೆ ಕೂತರೆ ಬೆಳಗ್ಗೆ ಹುಳಿ ವಾಸನೆ.

ಹಾಗಾಗಿ ಕರೆಂಟಿಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು ಅಂತ ಹುಡುಕಿದೆ. ಅಮೆರಿಕದ ಕೃಷಿ ಇಲಾಖೆ ನೂರು ವರ್ಷದ ಹಿಂದೆ ರೈತರಿಗಾಗಿ ಅಚ್ಚು ಹಾಕಿದ ಸಣ್ಣ ಸಣ್ಣ ಪುಸ್ತಿಕೆಗಳು ಈಗ ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಅಳತೆ, ಚಿತ್ರ, ಒಲೆಯ ವಿವರ ಎಲ್ಲ ಇದೆ. ಓದುತ್ತಾ ಹೋದರೆ ಒಂದು ದೊಡ್ಡ ಜಗಳವೇ ಕಾಣುತ್ತದೆ: ಹಸಿ ಹಣ್ಣನ್ನು ಬಿಸಿ ತುದಿಯಿಂದ ಒಳಗೆ ಬಿಡಬೇಕೋ, ತಂಪು ತುದಿಯಿಂದಲೋ? ನಮ್ಮ ಗೂಡು ಕೊನೆಗೆ ನಿಂತಿದ್ದು ಈ ಪ್ರಶ್ನೆಯ ಮೇಲೆಯೇ.

ಬಿಸಿಗಾಳಿಯಲ್ಲಿ ತರಕಾರಿ ಒಣಗಿಸುವ ಕೋಣೆ ಫ್ರಾನ್ಸಿನಲ್ಲಿ 1795ರಲ್ಲೇ ಇತ್ತು. ಆದರೆ ಹಣ್ಣಿಗೆಂದೇ ಮೆಷಿನ್‌ಗಳು ಸಾಲುಗಟ್ಟಿ ಬಂದದ್ದು ಅಮೆರಿಕದಲ್ಲಿ, 1870ರ ನಂತರ. ಮೊದಲು ಹೆಸರು ಮಾಡಿದ್ದು ನ್ಯೂಯಾರ್ಕ್ ರಾಜ್ಯದ ಚಾರ್ಲ್ಸ್ ಆಲ್ಡನ್ ಅವರ ಗೋಪುರ. ಮಹಡಿಗಳ ಎತ್ತರಕ್ಕೆ ನಿಲ್ಲಿಸಿದ ಮರದ ಪೆಟ್ಟಿಗೆ, ಬುಡದಲ್ಲಿ ಬಿಸಿಗಾಳಿ. ಹಸಿ ಹಣ್ಣಿನ ತಟ್ಟೆಯನ್ನು ಬುಡದಲ್ಲೇ, ಅಂದರೆ ಅತಿ ಬಿಸಿ ಜಾಗದಲ್ಲೇ ಒಳಗೆ ಹಾಕುತ್ತಿದ್ದರು. ಸರಪಳಿ ಅದನ್ನು ಒಂದೊಂದೇ ಮೆಟ್ಟಿಲು ಮೇಲೆತ್ತುತ್ತಿತ್ತು. ಮೇಲೆ ಹೋದಂತೆ ಗಾಳಿ ತಂಪು, ತೇವ ಜಾಸ್ತಿ. ತುದಿಯಲ್ಲಿ ಒಣ ಹಣ್ಣು ಹೊರಗೆ.

ಇದು ತಲೆಕೆಳಗು ಅಂತ ನನಗೂ ಮೊದಲು ಅನಿಸಿತ್ತು. ಆದರೆ ಅದರಲ್ಲಿ ಅರ್ಥವಿದೆ. ಹಸಿ ಹಣ್ಣಿನ ಮೈಯಿಂದ ನೀರು ಆರುತ್ತಿರುವಷ್ಟು ಹೊತ್ತು ಹಣ್ಣು ತಂಪಾಗಿಯೇ ಇರುತ್ತದೆ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಹತ್ತಿ ಬಟ್ಟೆ ಸುತ್ತಿ ನೋಡಿ. 65 ಡಿಗ್ರಿ ಗಾಳಿಯಲ್ಲಿಟ್ಟರೂ ಅದು ತೋರಿಸುವುದು 32ರ ಆಸುಪಾಸು. ಹಸಿ ಹಣ್ಣಿನ ಮೈಯೂ ಹಾಗೆಯೇ. ಬೇಯುವ, ಸೀಯುವ ಭಯ ಬರುವುದು ನೀರು ಕಡಿಮೆಯಾದ ಮೇಲೆ. ಆಲ್ಡನ್ ಗೋಪುರದಲ್ಲಿ ಆ ಹೊತ್ತಿಗೆ ಹಣ್ಣು ತಂಪು ಜಾಗಕ್ಕೆ ಹೋಗಿರುತ್ತದೆ. ಆದರೆ ಇದರ ತೊಂದರೆಯೂ ಅಲ್ಲಿಯೇ ಇದೆ. ಕೊನೆಯ ಪಾಲು ನೀರು ತೆಗೆಯಲು ಒಣಗಾಳಿ ಬೇಕು, ಅಲ್ಲಿ ಸಿಗುವುದು ತೇವದ ಗಾಳಿ.

ಒರೆಗಾನಿನ ಪ್ರೂನ್ ಬೆಳೆಗಾರರು ಇದನ್ನು ತಿರುಗಿಸಿ ಹಾಕಿದರು. ಅವರ ಸುರಂಗದ ತಗ್ಗಿನ ತುದಿ ಬಿಸಿ, ಎತ್ತರದ ತುದಿ ತಂಪು. ಹಸಿ ಹಣ್ಣು ಎತ್ತರದ ತುದಿಯಿಂದ ಒಳಗೆ ಬರುತ್ತದೆ. ಕೆಳಗಿನ ತುದಿಯಲ್ಲಿ ಒಣಗಿದ ತಟ್ಟೆ ತೆಗೆದಂತೆಲ್ಲ ಹಿಂದಿನದ್ದು ಇಳಿಜಾರಿನಲ್ಲಿ ಮುಂದೆ ಜಾರುತ್ತದೆ. ಪ್ರೂನ್ ಇಡೀ ಹಣ್ಣು ನೋಡಿ. ಶುರುವಿನಲ್ಲೇ ಜೋರು ಬಿಸಿ ಕೊಟ್ಟರೆ ಸಿಪ್ಪೆ ಒಡೆದು ರಸ ಸೋರುತ್ತದೆ. ಆದ್ದರಿಂದ ತಂಪಿನಲ್ಲಿ ಶುರು, ಬಿಸಿಯಲ್ಲಿ ಮುಕ್ತಾಯ. ಮುಗಿಯುವ ತುದಿಯಲ್ಲೂ 165 ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್ ದಾಟಬಾರದು ಅಂತ ಕಟ್ಟುನಿಟ್ಟು. ದಾಟಿದರೆ ಸಕ್ಕರೆ ಸೀದು ಕಹಿಯಾಗುತ್ತದೆ.

ನ್ಯೂಯಾರ್ಕಿನ ವೇಯ್ನ್ ಕೌಂಟಿಯ ಸೇಬಿನವರಿಗೆ ಈ ರಗಳೆ ಬೇಡವಾಗಿತ್ತು. 20 ಅಡಿ ಚೌಕದ ಕೋಣೆ, ಪಟ್ಟಿ ಬಡಿದ ಮರದ ನೆಲ, ಕೆಳಗೆ ಒಲೆ. ಸೇಬಿನ ಬಿಲ್ಲೆಗಳನ್ನು ರಾಶಿಯಾಗಿ ಹರಡಿ ಸಲಿಕೆಯಲ್ಲಿ ಮಗುಚುತ್ತಿದ್ದರು. ದೊಡ್ಡ ಪ್ರಮಾಣಕ್ಕೆ ಅದೇ ಗೆದ್ದಿತು. ಬಾಳೆಹಣ್ಣನ್ನು ಸಲಿಕೆಯಲ್ಲಿ ಮಗುಚಲು ಆಗುತ್ತದಾ? ನನಗೆ ಸುರಂಗವೇ ಸರಿ ಅನಿಸಿತು. ಇನ್ನೊಂದು ಕಾರಣವೂ ಇತ್ತು. ಒರೆಗಾನಿನಲ್ಲಿ ಹಣ್ಣು ಕೊಯ್ಯುವ ಹೊತ್ತಿಗೆ ಮಳೆ ಶುರುವಾಗುತ್ತದೆ, ನಮ್ಮ ಮುರುಗಲಿನ ಹಣೆಬರಹವೇ ಅವರ ಪ್ರೂನಿನದ್ದೂ. ಪಕ್ಕದ ಕ್ಯಾಲಿಫೋರ್ನಿಯಾದವರು ಬಿಸಿಲು ನಂಬಿ ಆರಾಮಾಗಿದ್ದರು. 1918ರ ಸೆಪ್ಟೆಂಬರ್ ಮಳೆಗೆ ಅಂಗಳದಲ್ಲಿದ್ದ ಪ್ರೂನ್ ಕೊಳೆತ ಮೇಲೆ ಅವರೂ ಬಿಸಿಗಾಳಿಯ ಕಡೆ ಗಂಭೀರವಾಗಿ ತಿರುಗಿದರು.

ಇನ್ನು ಕಟ್ಟಿದ ಕಥೆ. ಹಳೆಯ ಸುರಂಗಗಳು 20 ಅಡಿ ಉದ್ದದ ಆಸುಪಾಸು. ನಾನು 16 ಅಡಿಗೆ ನಿಲ್ಲಿಸಿದೆ. ಅಗಲ 3 ಅಡಿ. ಅಡಿಗೆ 2 ಇಂಚಿನಂತೆ ಏರು. ಗೋಡೆ ಇಟ್ಟಿಗೆ ಮಣ್ಣಿನದ್ದು, ಒಳಗೆ ತಟ್ಟೆ ಜಾರಲು ಮರದ ಪಟ್ಟಿಗಳು, ಒಂದರ ಮೇಲೊಂದು ಆರು ಸಾಲು. ಒಲೆ ಕೋಣೆ ಸುರಂಗದ ಅಡಿಯಲ್ಲಿ. ಅದರ ಬುಡದ ಗೋಡೆಯಲ್ಲಿ ಹೊರಗಿನ ಗಾಳಿ ಬರಲು ಕಿಂಡಿಗಳಿವೆ. ಬಿಸಿಯಾದ ಗಾಳಿ ಸುರಂಗದ ತಗ್ಗಿನ ತುದಿಯಲ್ಲಿರುವ ಅಗಲ ಬಾಯಿಯಿಂದ ಮೇಲೆ ಹತ್ತುತ್ತದೆ.

ಒಲೆಯ ಹೊಗೆ ಈ ಗಾಳಿಗೆ ಸೇರಲೇಬಾರದು. ಹೊಗೆ ಕಬ್ಬಿಣದ ಕೊಳವೆಯೊಳಗೇ ಕೋಣೆ ಸುತ್ತಿ ಬೇರೆ ಚಿಮಣಿಯಲ್ಲಿ ಹೋಗಬೇಕು. ಇದನ್ನು ಯಾರು ಮಾಡಿಕೊಡುತ್ತಾರೆ ಅಂತ ತಲೆ ಕೆಡಿಸಿಕೊಂಡಿದ್ದೆ. ಹುಣಸೂರಿನ ಕಡೆ ಇರುವ ನಮ್ಮ ಭಾವ ದಾರಿ ತೋರಿಸಿದರು. ಹುಣಸೂರು, ಪಿರಿಯಾಪಟ್ಟಣದಲ್ಲಿ ತಂಬಾಕು ಸೊಪ್ಪನ್ನು ಬಿಸಿಗಾಳಿಯಲ್ಲಿ ಹದ ಮಾಡುವ ಬ್ಯಾರನ್ ಅನ್ನುವ ಗೂಡು ಇದೆಯಲ್ಲ, ಅದರೊಳಗೂ ಇದೇ ಕೊಳವೆ, ಇದೇ ಒಲೆ. ಆ ಪದ್ಧತಿಯೂ ಹತ್ತೊಂಬತ್ತನೇ ಶತಮಾನದ ಅಮೆರಿಕದ್ದೇ. ನಕ್ಷೆ ತೋರಿಸಿದಾಗ ಶೀಟು ಬಗ್ಗಿಸುವ ಅಂಗಡಿಯವರು ಒಂದು ನಿಮಿಷ ನೋಡಿ, "ಇದು ನಮ್ಮ ಬ್ಯಾರನ್ನೇ ಅಲ್ವಾ ಸಾರ್? ಸೊಪ್ಪಿನ ಬದಲು ಹಣ್ಣು ಹಾಕ್ತೀರಿ, ಅಷ್ಟೇ ತಾನೆ," ಅಂದರು. ಅಷ್ಟೇ. ಕೊಳವೆ ಲಾರಿಯಲ್ಲಿ ಬಂತು.

ಕೊಳವೆ ಕೂರಿಸಿದ ಮೇಲೆ ಒಂದು ಪರೀಕ್ಷೆ ಮಾಡಲೇಬೇಕು. ಸುರಂಗ ಖಾಲಿ ಇರುವಾಗ ಒಲೆಗೆ ಬೆಂಕಿ ಹಾಕಿ, ಅದರ ಮೇಲೆ ಒಂದು ಹೊರೆ ಹಸಿ ಸೊಪ್ಪು ಒತ್ತಿ. ಕೊಳವೆಯ ಜೋಡಣೆಯಲ್ಲಿ ಎಲ್ಲಾದರೂ ಸಂದಿ ಇದ್ದರೆ ಅಲ್ಲಿಂದ ಹೊಗೆ ಎಳೆಯಾಗಿ ಹೊರಡುತ್ತದೆ. ಟಾರ್ಚ್ ಬಿಟ್ಟು ನೋಡಿ ಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ. ಒಲೆ ಆರಿದ ಮೇಲೆ ಮಣ್ಣು ಮೆತ್ತಿ. ಪ್ರತಿ ವರ್ಷ ಮೇ ತಿಂಗಳಲ್ಲಿ ನಾನು ಇದನ್ನು ಮಾಡುತ್ತೇನೆ. ಕಬ್ಬಿಣ ಬಿಸಿಗೆ ಹಿಗ್ಗಿ ಕುಗ್ಗಿ ಮಣ್ಣು ಬಿಟ್ಟಿರುತ್ತದೆ.

ತಟ್ಟೆಯ ಜಾಲರಿ ವಿಷಯದಲ್ಲಿ ದುಡ್ಡು ಉಳಿಸಬೇಡಿ. ಅಂಗಡಿಯಲ್ಲಿ ಎಲ್ಲರೂ ಜಿ.ಐ. ಮೆಶ್ ತೋರಿಸುತ್ತಾರೆ, ಅಗ್ಗ. ಜಿ.ಐ. ಅಂದರೆ ಸತುವಿನ ಲೇಪ, ಹುಳಿ ಹಣ್ಣು ಅದನ್ನು ತಿನ್ನುತ್ತದೆ. ಅಮೆರಿಕದ ಸೇಬಿನವರಿಗೆ ಇದರಿಂದ 1890ರ ದಶಕದಲ್ಲಿ ಸರಿಯಾಗಿ ಬಿಸಿ ಮುಟ್ಟಿತ್ತು. ಅವರ ಒಣ ಸೇಬಿನ ದೊಡ್ಡ ಗಿರಾಕಿ ಜರ್ಮನಿ. ಸತುವಿನ ಲೇಪದ ತಟ್ಟೆಯಲ್ಲಿ ಒಣಗಿಸಿದ ಸೇಬಿನಲ್ಲಿ ಸತು ಇದೆ ಅಂತ ಜರ್ಮನಿಯ ಅಧಿಕಾರಿಗಳು ತಕರಾರು ತೆಗೆದರು. ಮರದ ನೆಲದ ಗೂಡುಗಳ ಕಡೆ ಜನ ವಾಲಲು ಅದೂ ಒಂದು ಕಾರಣ. ಸೇಬಿಗೇ ಹೀಗಾದರೆ ನಮ್ಮ ಮುರುಗಲಿನ ಹುಳಿಗೆ ಏನಾಗಬೇಡ? ನನ್ನ ತಟ್ಟೆಗಳ ಚೌಕಟ್ಟು ಮರದ್ದು, ಜಾಲರಿ ಸ್ಟೇನ್‌ಲೆಸ್ ಸ್ಟೀಲ್. ಇಡೀ ಗೂಡಿನಲ್ಲಿ ಕೊಳವೆ ಬಿಟ್ಟರೆ ಜಾಸ್ತಿ ಖರ್ಚಾದದ್ದು ಇದಕ್ಕೇ.

ನಮ್ಮ ಕಡೆಯವರು ಜಾಸ್ತಿ ಅನುಮಾನ ಪಡುವುದು ಒಂದು ವಿಷಯಕ್ಕೆ: "ಹೊರಗೆ ಗಾಳಿಯೇ ಒದ್ದೆ, ಅದರಲ್ಲಿ ಹಣ್ಣು ಒಣಗುವುದು ಹೇಗೆ?" ಗಾಳಿಯ ಬಿಸಿ ಸುಮಾರು 15 ಡಿಗ್ರಿ ಏರಿದರೆ ಅದು ಹಿಡಿಯಬಲ್ಲ ತೇವ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಜುಲೈ ರಾತ್ರಿ 22 ಡಿಗ್ರಿಯ, ಪೂರ್ತಿ ತೇವ ತುಂಬಿದ ಗಾಳಿಯನ್ನೇ 65ಕ್ಕೆ ಕಾಯಿಸಿ. ಅದರ ಆರ್ದ್ರತೆ ಶೇಕಡಾ 10ರ ಹತ್ತಿರಕ್ಕೆ ಇಳಿಯುತ್ತದೆ. ಬೇಸಿಗೆಯ ಮಧ್ಯಾಹ್ನವೂ ಅಷ್ಟು ಒಣ ಇರುವುದಿಲ್ಲ.

ಆದರೆ ಗಾಳಿ ಬೇಕಾಗುವ ಪ್ರಮಾಣ ನೋಡಿದರೆ ಆಶ್ಚರ್ಯವಾಗುತ್ತದೆ. 65ರಲ್ಲಿ ಒಳಹೋಗಿ 45ರಲ್ಲಿ ಹೊರಬರುವ ಗಾಳಿ ಒಂದು ಲೀಟರ್ ನೀರು ಹೊತ್ತೊಯ್ಯಬೇಕಾದರೆ ಸುಮಾರು 120 ಘನ ಮೀಟರ್ ಬೇಕು. ಗಂಟೆಗೆ 5 ಲೀಟರ್ ತೆಗೆಯಲು 600 ಘನ ಮೀಟರ್. ಇಷ್ಟನ್ನೂ ಎಳೆಯಬೇಕಾದ್ದು ಬರೀ ಚಿಮಣಿ. ಅದಕ್ಕೇ ಮೇಲಿನ ಚಿಮಣಿಯನ್ನು ಹಲಗೆಯಲ್ಲಿ ಎತ್ತರವಾಗಿ, ಅಗಲವಾಗಿ ಕಟ್ಟಿ. ಕಟ್ಟಿಗೆ ಉಳಿಸಲು ಅದರ ಬಾಯಿ ಮುಚ್ಚುವ ಆಸೆ ಎಲ್ಲರಿಗೂ ಬರುತ್ತದೆ. ಮುಚ್ಚಿದರೆ ಒಳಗೆ ಬಿಸಿ ಏರುತ್ತದೆ, ಹಣ್ಣು ಮಾತ್ರ ಆವಿಯಲ್ಲಿ ಕಡುಬು ಬೆಂದಂತೆ ಬೇಯುತ್ತದೆ. ನಾನು ಚಿಮಣಿ ಬುಡದಲ್ಲಿ ಎರಡು ಥರ್ಮಾಮೀಟರ್ ನೇತುಹಾಕಿದ್ದೇನೆ, ಒಂದು ಒಣ, ಒಂದು ಬಟ್ಟೆ ಸುತ್ತಿದ್ದು. ಎರಡರ ನಡುವೆ 10 ಡಿಗ್ರಿಗಿಂತ ಕಡಿಮೆ ಅಂತರ ಬಂದರೆ ಒಳಗೆ ತೇವ ನಿಂತಿದೆ ಅಂತ ಲೆಕ್ಕ. ಆಗ ಕಿಂಡಿ ಪೂರ್ತಿ ತೆರೆಯುತ್ತೇನೆ, ಹೊಸ ತಟ್ಟೆ ಹಾಕುವುದನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತೇನೆ.

ಆ ಹಳೆ ಜಗಳಕ್ಕೆ ನನ್ನ ತೀರ್ಪು? ಹಣ್ಣು ನೋಡಿ ಹೇಳಬೇಕು. ಬಾಳೆಹಣ್ಣಿಗೆ ಒರೆಗಾನಿನ ರೀತಿ, ಎತ್ತರದ ತಂಪು ತುದಿಯಿಂದ. ಇಡೀ ಹಣ್ಣು, ಸಕ್ಕರೆ ಜಾಸ್ತಿ. ಬಿಸಿ ತುದಿಯಲ್ಲಿ ಮೊದಲೇ ಹಾಕಿದರೆ ಹೊರಗೆ ಚರ್ಮ ಕಟ್ಟಿ ಒಳಗಿನ ನೀರು ಅಲ್ಲೇ ಉಳಿಯುತ್ತದೆ. ಮುಗಿಯುವ ತುದಿಯನ್ನು 62 ದಾಟಲು ಬಿಡುವುದಿಲ್ಲ, ದಾಟಿದರೆ ಸುಕೇಳಿ ಕಪ್ಪಾಗುತ್ತದೆ. ಮುರುಗಲು ಸಿಪ್ಪೆಗೆ ಆಲ್ಡನ್ ರೀತಿ. ತೆಳ್ಳಗಿರುತ್ತದೆ, ಚರ್ಮ ಕಟ್ಟುವ ಭಯವಿಲ್ಲ, ಬೂಸಲಿನ ಭಯ ಇದೆ. ಹಸಿಯಿರುವಾಗಲೇ ಬಿಸಿ ತುದಿಯಲ್ಲಿ ಹಾಕಿ ನೀರು ಬೇಗ ಹಾರಿಸಿ, ಆಮೇಲೆ ಮೇಲಕ್ಕೆ ತಳ್ಳುತ್ತೇನೆ. ಇಳಿಜಾರಿನಲ್ಲಿ ತಟ್ಟೆ ಮೇಲಕ್ಕೆ ತಳ್ಳಲು ರಟ್ಟೆ ಬೇಕು. ಮನೆಯವರು ಆ ವಾರ ನನಗೆ ಎರಡು ರೊಟ್ಟಿ ಜಾಸ್ತಿ ಹಾಕುತ್ತಾರೆ.

ಸುಕೇಳಿ ಆಗಿದೆಯೋ ಇಲ್ಲವೋ ಅಂತ ನೋಡಲು ತಟ್ಟೆಯಿಂದ ಒಂದನ್ನು ತೆಗೆದು ಪೂರ್ತಿ ಆರಲು ಬಿಡಿ. ಬಿಸಿಯಿರುವಾಗ ಎಲ್ಲವೂ ಮೆತ್ತಗೇ ಇರುತ್ತದೆ. ಆರಿದ್ದನ್ನು ಅಡ್ಡಕ್ಕೆ ಹರಿದು, ಹರಿದ ಜಾಗವನ್ನು ಬೆರಳಲ್ಲಿ ಹಿಂಡಿ. ನೀರು ಜಿನುಗಬಾರದು, ಎಳೆ ಎಳೆಯಾಗಿ ಜಗ್ಗಬೇಕು. ಆಮೇಲೂ ಸೀದಾ ಪ್ಯಾಕ್ ಮಾಡುವುದಿಲ್ಲ. ಸ್ಟೀಲ್ ಡಬ್ಬದಲ್ಲಿ ತುಂಬಿ ಕೆಲವು ದಿನ ಇಡುತ್ತೇನೆ, ದಿನಕ್ಕೊಮ್ಮೆ ಮೇಲೆ ಕೆಳಗೆ ಮಾಡುತ್ತೇನೆ. ಹೆಚ್ಚು ಒಣಗಿದ್ದು ಕಡಿಮೆ ಒಣಗಿದ್ದರ ತೇವ ಎಳೆದುಕೊಂಡು ಎಲ್ಲ ಒಂದೇ ಸಮ ಆಗುತ್ತದೆ. ಪ್ರೂನಿನವರೂ ರಾಶಿ ಹಾಕಿ ಇದನ್ನೇ ಮಾಡುತ್ತಿದ್ದರು.

ಬೆಂಕಿಯ ಬಗ್ಗೆ ಒಂದು ಮಾತು. ಅಮೆರಿಕದ ಹಳೆಯ ಗೂಡುಗಳು ಸುಟ್ಟು ಹೋಗುತ್ತಿದ್ದದ್ದು ಮಾಮೂಲಿ ಸಂಗತಿ. ಮರದ ಕಟ್ಟಡ, ರಾತ್ರಿಯಿಡೀ ಒಲೆ, ಬಿಸಿ ಕೊಳವೆಯ ಮೇಲೆ ತೊಟ್ಟಿಕ್ಕುವ ಹಣ್ಣಿನ ರಸ, ಇನ್ನೇನು ಬೇಕು? ನನ್ನ ಒಲೆ ಕೋಣೆಯ ಮೇಲಿರುವುದು ಕಲ್ಲು ಚಪ್ಪಡಿ. ರಸ ನೇರವಾಗಿ ಕೊಳವೆ ಮೇಲೆ ಬೀಳುವುದಿಲ್ಲ. ಸೌದೆಯನ್ನು ಸೂರಿನ ಆಚೆ ಬದಿಗೆ ಇಡುತ್ತೇನೆ. ಅಡಿಕೆ ಸಿಪ್ಪೆ ಉರಿಸಬಹುದು, ಆದರೆ ಕಿಡಿ ಹಾರುತ್ತದೆ. ರಾತ್ರಿ ಪಾಳಿಯಲ್ಲಿ ನಾನು ಬರೀ ದಪ್ಪ ಕೊರಡು ಹಾಕುತ್ತೇನೆ.

ಫ್ಯಾನ್ ಇದ್ದರೆ ಇನ್ನೂ ಚೆನ್ನ, ಅದನ್ನು ಒಪ್ಪುತ್ತೇನೆ. ಒರೆಗಾನ್ ಕೃಷಿ ಕಾಲೇಜಿನ ಅರ್ನೆಸ್ಟ್ ವೀಗಂಡ್ 1920ರ ದಶಕದಲ್ಲಿ ಪ್ರೂನ್ ಸುರಂಗಕ್ಕೆ ಫ್ಯಾನ್ ಕೂಡಿಸುವ, ಹೊರಹೋಗುವ ಬಿಸಿಗಾಳಿಯ ಒಂದು ಪಾಲನ್ನು ಮತ್ತೆ ಒಲೆಯ ಕಡೆಗೇ ತಿರುಗಿಸುವ ಪದ್ಧತಿಯನ್ನು ಬೆಳೆಸಿದರು. ಕಟ್ಟಿಗೆ ಉಳಿಯಿತು, ಹಣ್ಣು ಬೇಗ ಒಣಗಿತು. ಈಗ ಸೋಲಾರ್ ಪ್ಯಾನೆಲ್ಲಿನಿಂದ ಓಡುವ ಸಣ್ಣ ಫ್ಯಾನ್ ಸಿಗುತ್ತದೆ, ಬ್ಯಾಟರಿ ಇಟ್ಟುಕೊಂಡರೆ ರಾತ್ರಿಗೂ ಆಗುತ್ತದೆ. ಫ್ಯಾನ್ ನಿಂತರೂ ಚಿಮಣಿ ತನ್ನ ಪಾಡಿಗೆ ಎಳೆಯುತ್ತಿರುತ್ತದೆ, ಹಾಗಾಗಿ ನಷ್ಟವಿಲ್ಲ. ತಿರುಗಿ ಬರುವ ಗಾಳಿಗೆ ಸುರಂಗದ ಪಕ್ಕದಲ್ಲೇ ಒಂದು ಓಣಿ ಕಟ್ಟಬೇಕು. ಅದಕ್ಕೆ ಒಲೆ ಕೋಣೆಯ ಒಂದು ಬದಿಯ ಗೋಡೆ ಒಡೆಯಬೇಕಾಗುತ್ತದೆ. ಇಟ್ಟಿಗೆ ತಂದು ಹಾಕಿಯಾಗಿದೆ. ಗಾರೆಯವರು ದೀಪಾವಳಿ ಕಳೆದ ಮೇಲೆ ಬರುತ್ತೇನೆ ಅಂದಿದ್ದಾರೆ.